ಮೂಲೆಗೆ ಬಿದ್ದ ಎಂಜಿನ್, ಮಳೆಯಲ್ಲಿ ನೆನೆದ ಅಚ್ಚು

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೋಣಿ ಎಂಜಿನ್ ತಯಾರಿಸುವ ಮರ್ಕ್ಯುರಿ ಮರೀನ್ ಕಂಪನಿಯ ವರ್ಕ್‌ಶಾಪು. 1964ರ ಸುಮಾರಿಗೆ ಇಂಗ್ಲೆಂಡಿನ ರೋವರ್ ಕಂಪನಿಯ ಆಡಳಿತ ನಿರ್ದೇಶಕ ವಿಲಿಯಂ ಮಾರ್ಟಿನ್-ಹರ್ಸ್ಟ್ ಅಲ್ಲಿಗೆ ಬಂದಿದ್ದರು. ಬಂದ ಕೆಲಸ ಬೇರೆ. ರೋವರ್ ಎಂಜಿನ್‌ಗಳನ್ನು ದೋಣಿಗಳಿಗೆ ಮಾರಬಹುದೇ ಎಂದು ಮಾತಾಡುವುದಿತ್ತು. ಆದರೆ ಕಣ್ಣು ಹೋದದ್ದು ನೆಲದ ಮೇಲಿಟ್ಟಿದ್ದ ಎಂಟು ಸಿಲಿಂಡರಿನ ಒಂದು ಅಲ್ಯೂಮಿನಿಯಂ ಎಂಜಿನ್ ಕಡೆಗೆ. ಬ್ಯೂಕ್ ಕಾರಿನಿಂದ ಇಳಿಸಿ, ದೋಣಿಗೆ ಹೊಂದುತ್ತದೆಯೇ ನೋಡಲು ತಂದಿಟ್ಟಿದ್ದು ಅದು. ಅಳೆದು ನೋಡಿದರೆ ರೋವರ್ 2000 ಕಾರಿನ ನಾಲ್ಕು ಸಿಲಿಂಡರ್ ಎಂಜಿನ್‌ಗಿಂತ ಹೆಚ್ಚೇನೂ ಉದ್ದವಿಲ್ಲ, ಹೆಚ್ಚೇನೂ ಭಾರವಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಅದನ್ನು ಮಾಡಿದ ಜನರಲ್ ಮೋಟರ್ಸ್ ಆಗಲೇ ಅದನ್ನು ಕೈಬಿಟ್ಟಿತ್ತು.

ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಎಂಜಿನ್ ಬದಲಿಸುವವರ, ಬಿಡಿಭಾಗ ಹುಡುಕಿ ಅಲೆಯುವವರ ಲೋಕದಲ್ಲಿ ಈ ಎಂಜಿನ್‌ಗೆ ಇರುವ ಹೆಸರು ಬೇರೆ ಯಾವುದಕ್ಕೂ ಇರಲಾರದು. ಅದು ಎಂಜಿಬಿ ಎಂಬ ಪುಟ್ಟ ಕಾರಿನೊಳಗೆ ಹೊಕ್ಕ ಕಥೆ, ನಿಂತುಹೋದ ಆ ಕಾರಿನ ಮೈಯನ್ನು ಹಳೆಯ ಅಚ್ಚುಗಳಿಂದಲೇ ಮತ್ತೆ ಒತ್ತಿ ತೆಗೆದ ಕಥೆ, ಇವೆರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ. ಎರಡರ ಮೂಲದಲ್ಲೂ ಇರುವುದು ಯಾರೋ ಬೇಡವೆಂದು ಮೂಲೆಗೆ ಸರಿಸಿದ ಲೋಹ, ಅದನ್ನು ಬೇಕೆಂದು ಎತ್ತಿಕೊಂಡ ಇನ್ನೊಬ್ಬರ ಕೈ.

ಬ್ಯೂಕ್ ಎಂಜಿನ್ನನ್ನು ಬಿಟ್ಟದ್ದಕ್ಕೆ ಕಾರಣವಿತ್ತು. 1961ರ ಮಾದರಿಯ ಕಾರುಗಳಿಗೆಂದು ಬಂದ 215 ಘನ ಇಂಚಿನ, ಎಂದರೆ ಮೂರೂವರೆ ಲೀಟರಿನ ಎಂಜಿನ್ ಅದು. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ, ತೂಕ ಸುಮಾರು 145 ಕಿಲೊ. ಆದರೆ ಕಬ್ಬಿಣದ ಲೈನರ್‌ಗಳನ್ನು ಅಚ್ಚಿನೊಳಗಿಟ್ಟು ಸುತ್ತ ಅಲ್ಯೂಮಿನಿಯಂ ಹೊಯ್ಯುವ ಎರಕ ಸುಲಭವಿರಲಿಲ್ಲ, ಕೆಟ್ಟ ಬ್ಲಾಕುಗಳು ಬಹಳ ಬರುತ್ತಿದ್ದವು. ಜನ ರೇಡಿಯೇಟರ್‌ಗೆ ಸುರಿಯುತ್ತಿದ್ದ ದ್ರವವೂ ಅಲ್ಯೂಮಿನಿಯಂಗೆ ಒಗ್ಗದೆ ಒಳಗೆ ಕಟ್ಟಿಕೊಳ್ಳುತ್ತಿತ್ತು. ಅಷ್ಟರಲ್ಲಿ ತೆಳು ಗೋಡೆಯ ಕಬ್ಬಿಣದ ಎರಕ ಅಗ್ಗವಾಗಿ ಸಿಗತೊಡಗಿತು. 1963ಕ್ಕೇ ಅಲ್ಯೂಮಿನಿಯಂ ವಿ8 ಮುಗಿಯಿತು. ಅದೇ ಕುಟುಂಬದ ಓಲ್ಡ್ಸ್‌ಮೊಬೈಲ್ ಬ್ಲಾಕನ್ನು ಆಸ್ಟ್ರೇಲಿಯಾದ ರೆಪ್ಕೊ ಕಂಪನಿ ಎತ್ತಿಕೊಂಡು ರೇಸ್ ಎಂಜಿನ್ ಮಾಡಿತು. 1966ರಲ್ಲಿ ಜಾಕ್ ಬ್ರಾಭಮ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು ಆ ಎಂಜಿನ್ನಿನಿಂದ.

1965ರಲ್ಲಿ ತಯಾರಿಕೆಯ ಹಕ್ಕು ರೋವರ್ ಕೈಗೆ ಬಂತು. ಬ್ಯೂಕ್‌ನಲ್ಲಿ ಈ ಎಂಜಿನ್ನಿನ ಮೇಲೆ ದುಡಿದಿದ್ದ ಜೋ ಟರ್ಲೆ ಇಂಗ್ಲೆಂಡಿಗೇ ಬಂದು ನೆರವಾದರು. ಎರಕದ ತೊಡಕನ್ನು ರೋವರ್ ತನ್ನದೇ ದಾರಿಯಲ್ಲಿ ಬಿಡಿಸಿಕೊಂಡಿತು: ಬ್ಲಾಕನ್ನು ಮರಳಚ್ಚಿನಲ್ಲಿ ಹೊಯ್ದು, ಲೈನರ್‌ಗಳನ್ನು ಆಮೇಲೆ ಒತ್ತಿ ಕೂರಿಸುವುದು. 1967ರಲ್ಲಿ ರೋವರ್‌ನ ದೊಡ್ಡ ಕಾರಿಗೆ ಬಂದ ಈ ಎಂಜಿನ್ ಮರುವರ್ಷವೇ ಮಾರ್ಗನ್ ಪ್ಲಸ್ 8ಕ್ಕೆ, 1970ರಲ್ಲಿ ರೇಂಜ್ ರೋವರ್‌ಗೆ ಹೋಯಿತು. ಅಮೆರಿಕ ಮೂರು ವರ್ಷಕ್ಕೆ ಬಿಟ್ಟದ್ದನ್ನು ಇಂಗ್ಲೆಂಡು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಸಿತು.

ಈಗ ಆ ಕಾರಿನ ಕಡೆಗೆ ಬರೋಣ. ಇವತ್ತು ನಮ್ಮ ರಸ್ತೆಗಳಲ್ಲಿ ಹೆಕ್ಟರ್ ಎಂಬ ಹೆಸರಿನಲ್ಲಿ ಓಡುವ ಎಂಜಿ ಗಾಡಿಯ ಮೂತಿಯ ಮೇಲಿರುವ ಎಂಟು ಮೂಲೆಯ ಗುರುತು, ಆಕ್ಸ್‌ಫರ್ಡಿನ ಹತ್ತಿರದ ಆಬಿಂಗ್ಡನ್ ಎಂಬ ಊರಿನಲ್ಲಿ ಹತ್ತಾರು ವರ್ಷ ಸಣ್ಣ ಸ್ಪೋರ್ಟ್ಸ್ ಕಾರುಗಳ ಮೇಲೆ ಇರುತ್ತಿತ್ತು. ಅಲ್ಲಿಂದ 1962ರಲ್ಲಿ ಹೊರಬಂದ ಎಂಜಿಬಿ ಎರಡು ಸೀಟಿನ, ಟಾಪು ಮಡಚುವ ಕಾರು. ಸಿಡ್ ಎನೆವರ್ ಅದರ ಮುಖ್ಯ ವಿನ್ಯಾಸಕಾರ. ಎಂಜಿನ್ ಮಾತ್ರ ಸಾಧಾರಣ: 1798 ಸಿ.ಸಿ., ನಾಲ್ಕು ಸಿಲಿಂಡರ್, 95 ಅಶ್ವಶಕ್ತಿ. ಮನೆಮಂದಿ ಓಡಿಸುವ ಕಾರುಗಳಿಗೆಂದು ಮಾಡಿದ ಎಂಜಿನ್ನನ್ನೇ ಸ್ವಲ್ಪ ಹುರುಪುಗೊಳಿಸಿ ಇಟ್ಟಿದ್ದರು. ಬಾಳಿಕೆಗೆ ಅದಕ್ಕೆ ಎದುರಿಲ್ಲ. ಆದರೆ ಕಾರಿನ ಮೈಕಟ್ಟು ಇನ್ನೂ ಹೆಚ್ಚು ಕಸುವನ್ನು ತಡೆದುಕೊಳ್ಳಬಲ್ಲದು ಎಂದು ಓಡಿಸಿದವರಿಗೆಲ್ಲ ತಿಳಿಯುತ್ತಿತ್ತು.

ಕಂಪನಿಗೂ ಗೊತ್ತಿತ್ತು. 1967ರಲ್ಲಿ ಎಂಜಿಸಿ ಎಂದು ಹೆಸರಿಟ್ಟು ಮೂರು ಲೀಟರಿನ, ಆರು ಸಿಲಿಂಡರಿನ ಕಬ್ಬಿಣದ ಎಂಜಿನ್ನನ್ನು ಅದೇ ಮೈಯೊಳಗೆ ತುರುಕಿತು. ಎಂಜಿನ್ ಉದ್ದ, ಭಾರ. ಬಾನೆಟ್ ಉಬ್ಬಿಸಬೇಕಾಯಿತು, ಮುಂದಿನ ಸಸ್ಪೆನ್ಶನ್ ಪೂರ್ತಿ ಬದಲಿಸಬೇಕಾಯಿತು. ಇಷ್ಟಾದರೂ ತಿರುವಿನಲ್ಲಿ ಮೂತಿ ಭಾರವಾಗಿ ಹೊರಕ್ಕೆ ಎಳೆಯುತ್ತದೆ ಎಂದು ಪತ್ರಿಕೆಗಳು ಬರೆದವು. ಎರಡು ವರ್ಷಕ್ಕೇ ಆ ಕಾರು ನಿಂತಿತು. ಎಂಜಿನ್ ಬದಲಿಸುವಾಗ ಕಸುವಿಗಿಂತ ಮೊದಲು ತೂಕ ನೋಡಬೇಕು ಎನ್ನುವುದಕ್ಕೆ ಎಂಜಿಸಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ದಾರಿ ತೋರಿಸಿದವರು ಕಂಪನಿಯ ಹೊರಗಿನವರು. ಕೆಂಟ್ ಪ್ರಾಂತ್ಯದ ಕೆನ್ ಕಾಸ್ಟೆಲೊ ಮಿನಿ ಕಾರುಗಳಲ್ಲಿ ರೇಸ್ ಮಾಡಿ ಹೆಸರು ಗಳಿಸಿದ್ದವರು. 1970ರ ಹೊತ್ತಿಗೆ ಅವರು ಎಂಜಿಬಿಯ ನಾಲ್ಕು ಸಿಲಿಂಡರ್ ಎಂಜಿನ್ ಇಳಿಸಿ ಆ ಅಲ್ಯೂಮಿನಿಯಂ ವಿ8 ಕೂರಿಸಿದರು. ಸಿಲಿಂಡರ್ ಎರಡರಷ್ಟು, ಗಾತ್ರ ಸರಿಸುಮಾರು ಎರಡರಷ್ಟು, ಆದರೆ ಹಳೆಯ ಕಬ್ಬಿಣದ ಎಂಜಿನ್‌ಗಿಂತ ತೂಕ ತುಸು ಕಡಿಮೆಯೇ! ಹಾಗಾಗಿ ಮುಂದಿನ ಸ್ಪ್ರಿಂಗು, ಸ್ಟೀರಿಂಗು ಯಾವುದಕ್ಕೂ ಏಟು ಬೀಳಲಿಲ್ಲ. ಕಾರು ಮೊದಲಿನಂತೆಯೇ ತಿರುಗುತ್ತಿತ್ತು, ಓಟ ಮಾತ್ರ ಬೇರೆಯದೇ ಆಯಿತು. ತೊಡಕಾದದ್ದು ಎತ್ತರ. ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯ ಮೇಲೆ ಕಾರ್ಬುರೇಟರ್‌ಗಳು ಕೂತರೆ ಬಾನೆಟ್ ಮುಚ್ಚುವುದಿಲ್ಲ. ಕಾಸ್ಟೆಲೊ ಬಾನೆಟ್‌ನ ನಡುವೆ ಒಂದು ಉಬ್ಬು ಎತ್ತಿಸಿದರು. ದೂರದಿಂದಲೇ ಅವರ ಕಾರನ್ನು ಗುರುತಿಸಲು ಆ ಉಬ್ಬು ಸಾಕಿತ್ತು.

ಸುದ್ದಿ ಹಬ್ಬಿತು, ಗಿರಾಕಿಗಳು ಬಂದರು. ಎಂಜಿ, ರೋವರ್ ಎರಡೂ ಅಷ್ಟರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಮನೆಗೆ ಸೇರಿದ್ದವು. ಎಂಜಿನ್ ತನ್ನದು, ಕಾರು ತನ್ನದು. ಎರಡನ್ನೂ ಕೂಡಿಸಿ ಮಾರುತ್ತಿದ್ದವನು ಹೊರಗಿನವನು. ಕಂಪನಿ ಕಾಸ್ಟೆಲೊ ಅವರ ಕಾರೊಂದನ್ನು ತರಿಸಿ ಪರೀಕ್ಷಿಸಿತು. 1973ರ ಆಗಸ್ಟಿನಲ್ಲಿ ತನ್ನದೇ ಎಂಜಿಬಿ ಜಿಟಿ ವಿ8 ಕಾರನ್ನು ಬಿಡುಗಡೆ ಮಾಡಿತು. ಯೋಚನೆಯನ್ನು ಮಾಡಿ ತೋರಿಸಿದವರಿಗೆ ಅದರ ಫಲ ದಕ್ಕಲಿಲ್ಲ; ಒಂದೆರಡು ವರ್ಷದಲ್ಲಿ ಅವರ ವ್ಯಾಪಾರ ಮುಗಿಯಿತು. ಈ ಭಾಗ ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಆದರೆ ಆಬಿಂಗ್ಡನ್ನಿನ ಎಂಜಿನಿಯರುಗಳ ಕೈಚಳಕವನ್ನೂ ಮೆಚ್ಚದಿರಲಾಗದು. ಅವರಿಗೆ ಬಾನೆಟ್ ಉಬ್ಬಿಸುವುದು ಬೇಡವಾಗಿತ್ತು. ಅವರು ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು ಕಣಿವೆಯ ಮೇಲಿಂದ ಎತ್ತಿ, ಹೊಸದೊಂದು ಮ್ಯಾನಿಫೋಲ್ಡ್ ಮಾಡಿ, ಎಂಜಿನ್ನಿನ ಹಿಂದೆ, ಡ್ಯಾಶ್‌ಬೋರ್ಡಿನ ಗೋಡೆಯ ಹತ್ತಿರ ಇಳಿಸಿಟ್ಟರು. ಬಾನೆಟ್ ಎತ್ತಿ ನೋಡಿದರೆ ಏರ್ ಫಿಲ್ಟರಿನ ಎರಡು ಕೊಳವೆಗಳು ಎಡಕ್ಕೊಂದು ಬಲಕ್ಕೊಂದು ತೋಳು ಚಾಚಿದಂತೆ ಕಾಣುತ್ತವೆ, ಮಾಮೂಲಿ ಎಂಜಿಬಿಯ ಚಪ್ಪಟೆ ಬಾನೆಟ್ ಏನೂ ತಗಲದೆ ಮುಚ್ಚಿಕೊಳ್ಳುತ್ತದೆ. ಕಂಪನಿ ಇಟ್ಟದ್ದು ರೇಂಜ್ ರೋವರ್ ಮಾದರಿಯ ಮೆದು ಎಂಜಿನ್, 137 ಅಶ್ವಶಕ್ತಿ. ಅಷ್ಟಕ್ಕೇ ಕಾರು ಗಂಟೆಗೆ ಸುಮಾರು 200 ಕಿ.ಮೀ. ಮುಟ್ಟುತ್ತಿತ್ತು. ಬಿಡುಗಡೆಯಾದ ಎರಡೇ ತಿಂಗಳಿಗೆ ತೈಲ ಬಿಕ್ಕಟ್ಟು ಬಂತು. 1976ರಲ್ಲಿ ನಿಲ್ಲಿಸುವ ಹೊತ್ತಿಗೆ ತಯಾರಾಗಿದ್ದವು 2591 ಮಾತ್ರ. ಮಾಮೂಲಿ ಎಂಜಿಬಿ ಮಾತ್ರ ನಡೆದೇ ಇತ್ತು. ಆಬಿಂಗ್ಡನ್ನಿನಲ್ಲಿ ಎಂಜಿಯ ಐವತ್ತು ವರ್ಷದ ಸಂಭ್ರಮ ಮುಗಿದ ಬೆನ್ನಿಗೇ, 1979ರ ಸೆಪ್ಟೆಂಬರ್ 10ರಂದು ಕಾರ್ಖಾನೆ ಮುಚ್ಚುವ ಸುದ್ದಿ ಹೊರಬಿತ್ತು. 1980ರ ಅಕ್ಟೋಬರ್‌ನಲ್ಲಿ ಬೀಗ ಬಿತ್ತು. ಅಷ್ಟು ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿದ್ದವು.

ಐದು ಲಕ್ಷ ಕಾರು ಎಂದರೆ ಐದು ಲಕ್ಷ ಕಾರಿಗೆ ಬೇಕಾಗುವ ಬಿಡಿಭಾಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಗಾಡಿಯೊಂದರ ಸಾಮಾನಿಗೆ ಅಂಗಡಿ ಅಂಗಡಿ ತಿರುಗಿದವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಕೆಟ್ಟರೆ ಗುಜರಿಯಿಂದ ಇನ್ನೊಂದು ತರಬಹುದು. ಬೇರಿಂಗು, ಗ್ಯಾಸ್ಕೆಟ್ಟು ಮಾಡಿಕೊಡುವವರು ಇದ್ದಾರೆ. ಮೈಯೇ ಕರಗಿದರೆ ಏನು ಮಾಡುವುದು? ಎಂಜಿಬಿಗೆ ಬೇರೆಯಾದ ಚಾಸಿ ಇಲ್ಲ. ಒತ್ತಿ ತೆಗೆದ ತಗಡುಗಳನ್ನು ಬೆಸೆದು ಮಾಡಿದ ಮೈಯೇ ಅದರ ಬೆನ್ನೆಲುಬು. ಟಾಪು ಇಲ್ಲದ ಕಾರಾದ್ದರಿಂದ ಭಾರವೆಲ್ಲ ಬಾಗಿಲ ಕೆಳಗಿನ ಹೊಸ್ತಿಲಿನ ಮೇಲೆ. ಆ ಹೊಸ್ತಿಲು ಒಂದು ತಗಡಲ್ಲ. ಹೊರಗಿನದು, ಒಳಗಿನದು, ನಡುವೆ ನಿಂತ ಇನ್ನೊಂದು, ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ, ಎಲ್ಲ ಸೇರಿದ ಪೆಟ್ಟಿಗೆ. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಆ ಪೆಟ್ಟಿಗೆಯೊಳಗೆ ನೀರಿನ ಜತೆ ಕೂತು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಒಂದು ದಿನ ಜಾಕ್ ಹಚ್ಚಿದಾಗ ಕಾರು ಏಳುವುದಿಲ್ಲ, ಜಾಕೇ ತಗಡಿನೊಳಗೆ ಇಳಿಯುತ್ತದೆ. ಇಲ್ಲವೇ ಬಾಗಿಲು ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. ಕಾರು ನಡುವಿನಲ್ಲಿ ಬಾಗಿರುತ್ತದೆ.

ಇದಕ್ಕೆ ಮದ್ದು ಹುಡುಕಿದ್ದು ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ. ಹಳೆಯ ಕಾರುಗಳ ಪರಂಪರೆ ಕಾಯಲು ಲೇಲ್ಯಾಂಡೇ 1975ರಲ್ಲಿ ಹುಟ್ಟುಹಾಕಿದ್ದ ಸಂಸ್ಥೆ ಅದು. ಅಲ್ಲಿದ್ದ ಡೇವಿಡ್ ಬಿಷಪ್ ಒಂದು ಸರಳ ಪ್ರಶ್ನೆ ಹಿಡಿದು ಹೊರಟರು: ಎಂಜಿಬಿಯ ತಗಡುಗಳನ್ನು ಒತ್ತಿದ ಅಚ್ಚುಗಳು ಈಗ ಎಲ್ಲಿವೆ? ಟನ್‌ಗಟ್ಟಲೆ ತೂಗುವ ಉಕ್ಕಿನ ಅಚ್ಚುಗಳನ್ನು ಬಿಸಾಡುವುದು ಸುಲಭವಲ್ಲ. ಕೆಲವು ಬಿಡಿಭಾಗ ಒತ್ತುವವರ ಹತ್ತಿರ ಇದ್ದವು. ಕೆಲವು ಕಾರ್ಖಾನೆಗಳ ಹಿತ್ತಿಲಲ್ಲಿ ಮಳೆಗೆ ನೆನೆಯುತ್ತ, ತುಕ್ಕು ಹಿಡಿದು ಬಿದ್ದಿದ್ದವು. ಒಂದೊಂದನ್ನೇ ಗುರುತು ಹಿಡಿದು, ತುಕ್ಕು ತೆಗೆದು, ಒತ್ತಿ ನೋಡಿ, ಅಳತೆ ಸರಿಮಾಡಿದರು. ಹೆಚ್ಚಿನವು ಸಿಕ್ಕವು, ಸಿಗದವನ್ನು ಹೊಸದಾಗಿ ಮಾಡಿಸಿದರು. ಆದರೆ ಅಚ್ಚು ಸಿಕ್ಕಮಾತ್ರಕ್ಕೆ ಕಾರಿನ ಮೈ ಆಗುವುದಿಲ್ಲ. ಯಾವ ತಗಡು ಮೊದಲು, ಯಾವುದು ಆಮೇಲೆ, ಬೆಸುಗೆಯ ಬಿಸಿಗೆ ಯಾವ ಮೂಲೆ ಎಳೆದುಕೊಳ್ಳುತ್ತದೆ ಎಂಬುದು ಕೆಲಸಗಾರರ ಕೈಯಲ್ಲಿರುವ ವಿದ್ಯೆ. ಹಿಂದೆ ಇದೇ ಮೈಗಳನ್ನು ಕಟ್ಟಿದ್ದ ಹಳಬರನ್ನು ಮತ್ತೆ ಕರೆತಂದರು. 1988ರಲ್ಲಿ ಆಕ್ಸ್‌ಫರ್ಡ್ ಸೀಮೆಯ ಫ್ಯಾರಿಂಗ್ಡನ್ನಿನಿಂದ ಹೊಚ್ಚಹೊಸ ಎಂಜಿಬಿ ಮೈ ಮಾರಾಟಕ್ಕೆ ಬಂತು. ಕಾರು ನಿಂತು ಎಂಟು ವರ್ಷ ಆಗಿತ್ತು.

ಆಮೇಲೆ ಕೆಲಸ ಬಿಡುವಿಲ್ಲದೆ ನಡೆಯಿತು. ಕರಗಿದ ಎಂಜಿಬಿಯಿಂದ ಆಕ್ಸೆಲ್, ಗಾಜು, ಡ್ಯಾಶ್‌ಬೋರ್ಡು ಬಿಚ್ಚಿ ಹೊಸ ಮೈಗೆ ಹಾಕಿಕೊಳ್ಳುವವರು ಒಂದು ಕಡೆ. ಬಿಚ್ಚಿದ್ದಾಗಿದೆ, ಎಂಜಿನ್ನನ್ನೂ ಬದಲಿಸಿಬಿಡೋಣ ಎನ್ನುವವರು ಇನ್ನೊಂದು ಕಡೆ. ಅವರಿಗೆ ಎಂಜಿನ್ ಒದಗಿಸಿದ್ದು 1976ರಲ್ಲಿ ಬಂದ ರೋವರ್ ಎಸ್‌ಡಿ1 ಎಂಬ ದೊಡ್ಡ ಕಾರು. ಮೂರೂವರೆ ಲೀಟರಿನ ವಿ8, ಐದು ಗೇರಿನ ಪೆಟ್ಟಿಗೆ, ಎರಡೂ ಒಟ್ಟಿಗೆ ಗುಜರಿಯಲ್ಲಿ ಸಿಗುತ್ತಿದ್ದವು. ಆ ಕಾರನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. 1985ರಿಂದ 1988ರವರೆಗೆ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿದ ಸ್ಟ್ಯಾಂಡರ್ಡ್ 2000 ಇದೇ ಎಸ್‌ಡಿ1. ಆದರೆ ಇಲ್ಲಿ ಎಂಜಿನ್ ಬದಲಾವಣೆ ಉಲ್ಟಾ ನಡೆಯಿತು: ವಿ8ರ ಜಾಗದಲ್ಲಿ ಹಳೆಯ ವ್ಯಾನ್‌ಗಾರ್ಡ್ ಕಾಲದ ನಾಲ್ಕು ಸಿಲಿಂಡರ್ ಎಂಜಿನ್. ಅಷ್ಟು ದೊಡ್ಡ ಮೈಯನ್ನು ಅದು ಎಳೆಯಲಾರದಾಯಿತು, ಕಾರೂ ಉಳಿಯಲಿಲ್ಲ. ಮದ್ರಾಸಿನಲ್ಲಿ ಬಳಸದೆ ಉಳಿದ ಬಿಡಿಭಾಗಗಳು ಸುಮಾರು ಎರಡು ದಶಕ ಹಾಗೇ ಬಿದ್ದಿದ್ದು, 2006ರಲ್ಲಿ ಹರಾಜಾದಾಗ ಇಂಗ್ಲೆಂಡಿನ ಬಿಡಿಭಾಗ ವ್ಯಾಪಾರಿಗಳಾದ ರಿಮ್ಮರ್ ಬ್ರದರ್ಸ್ ಅಷ್ಟನ್ನೂ ಕೊಂಡರು. ಇಂಗ್ಲೆಂಡಿನಲ್ಲಿ ಇವತ್ತು ಯಾರಾದರೂ ತಮ್ಮ ಎಸ್‌ಡಿ1ಕ್ಕೆ ಹೊಸ ತಗಡೊಂದನ್ನು ಹಾಕಿದರೆ, ಅದು ಮದ್ರಾಸಿನ ಸೆಕೆ ಕಂಡು ಬಂದದ್ದಿರಬಹುದು.

ಹೊಸ ಮೈ ತಯಾರಾಗುತ್ತಿತ್ತು, ವಿ8 ಆಗಿನ್ನೂ ತಯಾರಾಗುತ್ತಿತ್ತು. ಎರಡನ್ನೂ ಕೂಡಿಸಲು ಕಂಪನಿಗೇ ಮನಸ್ಸಾದದ್ದು ಆಗ. 1989ರಲ್ಲಿ ಬಂದ ಜಪಾನಿನ ಮಜ್ದಾ ಎಂಎಕ್ಸ್-5, ಎರಡು ಸೀಟಿನ ಬಯಲು ಕಾರಿಗೆ ಇನ್ನೂ ಜನ ಇದ್ದಾರೆಂದು ತೋರಿಸಿಕೊಟ್ಟಿತ್ತು. ಹೆರಿಟೇಜ್‌ನ ಮೈಯನ್ನೇ ಆಧಾರ ಮಾಡಿಕೊಂಡು, ಅಂಚುಗಳನ್ನು ದುಂಡಗೆ ತಿದ್ದಿ, 3.9 ಲೀಟರಿನ ವಿ8 ಇಟ್ಟು, ರೋವರ್ 1992ರಲ್ಲಿ ಎಂಜಿ ಆರ್‌ವಿ8 ಎಂಬ ಕಾರನ್ನು ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ಇಟ್ಟಿತು. 1995ರವರೆಗೆ ತಯಾರಾದವು ಎರಡು ಸಾವಿರದ ಹತ್ತಿರ. ಅವುಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜಪಾನಿಗೆ ಹೋದವು. ರಿಪೇರಿಗೆಂದು ಮಾಡಿದ ತಗಡಿನಿಂದ ಒಂದು ಹೊಸ ಕಾರೇ ಹುಟ್ಟಿದ್ದು ಕಾರುಗಳ ಚರಿತ್ರೆಯಲ್ಲಿ ಬಹಳ ಅಪರೂಪ.

ಆರ್‌ವಿ8ರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹೊಗೆ ಹೋಗುವ ದಾರಿ. ಎಂಜಿಬಿಯ ಇಕ್ಕಟ್ಟಿನಲ್ಲಿ ವಿ8ರ ಎಡಬಲಕ್ಕೆ ಜಾಗ ಕಡಿಮೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು ಕಡೆ ಸ್ಟೀರಿಂಗ್ ರಾಡಿಗೆ ತಾಗುತ್ತದೆ, ಇನ್ನೊಂದು ಕಡೆ ಶಾಖವೆಲ್ಲ ಬಾನೆಟ್ ಕೆಳಗೇ ಉಳಿಯುತ್ತದೆ. ಮನೆಯಲ್ಲಿ ಎಂಜಿನ್ ಬದಲಿಸುವವರು ಇಪ್ಪತ್ತು ವರ್ಷ ಇದರ ಜತೆ ಗುದ್ದಾಡಿದ್ದರು. ಆರ್‌ವಿ8 ಮಾಡಿದವರು ಮುಂದಿನ ಚಕ್ರದ ಒಳಗೋಡೆಗೇ ಎರಡೂ ಕಡೆ ರಂಧ್ರ ಕೊರೆದು, ಕೊಳವೆಗಳನ್ನು ಚಕ್ರದ ಮಗ್ಗುಲಿಗೆ ಹೊರತಂದು ಕೆಳಕ್ಕೆ ಇಳಿಸಿದರು. ಅದು ಗೊತ್ತಾದದ್ದೇ ತಡ, ಶೆಡ್ಡಿನಲ್ಲಿ ಕೆಲಸ ಮಾಡುವವರೂ ಅದೇ ದಾರಿ ಹಿಡಿದರು. ಅಂಥ ಮ್ಯಾನಿಫೋಲ್ಡ್ ಬಾಗಿಸಿ ಮಾರುವ ಅಂಗಡಿಗಳು ಹುಟ್ಟಿಕೊಂಡವು. ಕಾಸ್ಟೆಲೊ ತಮ್ಮ ಗ್ಯಾರೇಜಿನಲ್ಲಿ ಮಾಡಿ ತೋರಿಸಿದ್ದನ್ನು ಕಂಪನಿ ತೆಗೆದುಕೊಂಡು ಹೋಗಿತ್ತು. ಈಗ ಕಂಪನಿ ಮಾಡಿದ್ದು ಗ್ಯಾರೇಜಿಗೆ ವಾಪಸು ಬಂದಿತ್ತು. ಹೆರಿಟೇಜ್‌ನಿಂದ ತಂದ ಹೊಸ ಮೈಯ ಒಳಗೋಡೆಯ ಮೇಲೆ ಕಾಗದದ ಅಚ್ಚು ಅಂಟಿಸಿ, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಎರಡು ಸಲ ಅಳೆದು, ಆಮೇಲಷ್ಟೇ ಡ್ರಿಲ್ ಕೈಗೆತ್ತಿಕೊಳ್ಳುತ್ತಾರೆ.