ಪೋರ್ಟ್‌ಲ್ಯಾಂಡ್‌ನಲ್ಲಿ ಕಪ್ಪು ಜನರಿಗೆ ಕೆಲಸ ಇದೆ, ಬೀದಿ ಎಲ್ಲಿ?

ಈ ವಾರದ ಎಪಿಸೋಡ್ ಹುಟ್ಟಿದ್ದು ಒಂದು ವಾಟ್ಸಾಪ್ ಕಾಲ್‌ನಿಂದ.

ನಮ್ಮ ದೊಡ್ಡಪ್ಪನ ಮಗ ಅಮೆರಿಕದ ಒರೆಗನ್ ರಾಜ್ಯದಲ್ಲಿದ್ದಾನೆ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಚಿಪ್ ಕಂಪನಿಯಲ್ಲಿ ಕೆಲಸ. ಅಲ್ಲಿ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಯುಗಾದಿಗೆ ಒಬ್ಬಟ್ಟು ಮಾಡ್ತಾರೆ, ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಡ್ಯಾನ್ಸ್ ಮಾಡಿಸ್ತಾರೆ. ಅಣ್ಣ ಫೋನ್ ಮಾಡಿ, "ಲೋ, ನೀನು ಏನೇನೋ ಓದ್ತಿರ್ತೀಯಲ್ಲ, ಇದಕ್ಕೆ ಉತ್ತರ ಹೇಳು" ಅಂದ. ಅವನ ಟೀಮ್‌ಗೆ ಅಟ್ಲಾಂಟಾದಿಂದ ಒಬ್ಬ ಎಂಜಿನಿಯರ್ ಬಂದಿದ್ದಾರಂತೆ. ಕಪ್ಪು ವರ್ಣೀಯರು. ಆರು ತಿಂಗಳು ಒಬ್ಬರೇ ಇದ್ದು ನೋಡಿದ್ದಾರೆ, ಈಗ ಹೆಂಡತಿ, ಎರಡು ಮಕ್ಕಳನ್ನ ಕರೆಸ್ಕೋಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕು. ಲಂಚ್ ಟೈಮಲ್ಲಿ ಅಣ್ಣನನ್ನ ಕೇಳಿದ್ರಂತೆ: ಎಂಟು ವರ್ಷದಿಂದ ಇಲ್ಲೇ ಇದ್ದೀರಲ್ಲ, ಊರು ಹೇಗೆ?

"ಸೂಪರ್ ಊರು ಅಂದ್ಬಿಟ್ಟೆ ಕಣೋ. ಆಮೇಲೆ ಯಾಕೋ ಸರಿ ಅನ್ನಿಸ್ಲಿಲ್ಲ. ಸೂಪರ್ ಅಂದ್ರೆ ಯಾರಿಗೆ?"

ಸರಿ, ಆ ಪ್ರಶ್ನೆಯನ್ನೇ ಹಿಡ್ಕೊಂಡು ಹೋಗೋಣ.

ಪೋರ್ಟ್‌ಲ್ಯಾಂಡ್ ಜನಸಂಖ್ಯೆ ಸುಮಾರು ಆರೂವರೆ ಲಕ್ಷ. ಅದರಲ್ಲಿ ಕಪ್ಪು ವರ್ಣೀಯರು ನೂರಕ್ಕೆ ಸುಮಾರು 6. ಅಟ್ಲಾಂಟಾದಲ್ಲಿ ಹೆಚ್ಚುಕಡಿಮೆ ಅರ್ಧ ಊರೇ ಅವರದ್ದು. ಅಮೆರಿಕದ ದೊಡ್ಡ ನಗರಗಳಲ್ಲಿ ಅತಿ ಬಿಳಿ ಊರು ಯಾವುದು ಅಂದ್ರೆ ಪತ್ರಿಕೆಗಳು ಮೊದಲು ಎತ್ತೋ ಹೆಸರು ಪೋರ್ಟ್‌ಲ್ಯಾಂಡ್. ತಮಾಷೆ ಏನಂದ್ರೆ, ಇದು ತುಂಬಾ "ಉದಾರ" ಅಂತ ಹೆಸರಾದ ಊರು. ಸೈಕಲ್, ಕಾಫಿ, ಮನೆ ಮುಂದೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಬೋರ್ಡು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಇಲ್ಲಿ ನೂರು ದಿನಕ್ಕೂ ಹೆಚ್ಚು ಪ್ರತಿಭಟನೆ ನಡೀತು. ಬೀದಿಗಿಳಿದವರಲ್ಲಿ ಬಹುಪಾಲು ಬಿಳಿಯರೇ. ಬೋರ್ಡ್ ಹಾಕೋಕೆ ಜನ ಇದ್ದಾರೆ, ಬೋರ್ಡ್ ಯಾರ ಬಗ್ಗೆಯೋ ಅವರು ಪಕ್ಕದ ಮನೆಯಲ್ಲಿಲ್ಲ.

ಯಾಕಿಲ್ಲ? ಚಳಿ, ಮಳೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಾನೂನು ಮಾಡಿ ದೂರ ಇಟ್ಟಿದ್ದು.

1844ರಲ್ಲಿ, ಒರೆಗನ್ ಇನ್ನೂ ರಾಜ್ಯ ಆಗೋಕೆ ಮುಂಚೆ, ಅಲ್ಲಿನ ತಾತ್ಕಾಲಿಕ ಸರ್ಕಾರ ಗುಲಾಮಗಿರಿಯನ್ನು ನಿಷೇಧಿಸಿತು. ಒಳ್ಳೇದಲ್ವಾ? ಅದೇ ಕಾನೂನಲ್ಲಿ ಇನ್ನೊಂದು ಮಾತಿತ್ತು. ಸ್ವತಂತ್ರರಾದ ಕಪ್ಪು ಜನ ಜಾಗ ಖಾಲಿ ಮಾಡ್ಬೇಕು, ಗಂಡಸರಿಗೆ ಎರಡು ವರ್ಷ ಗಡುವು, ಹೆಂಗಸರಿಗೆ ಮೂರು, ಹೋಗದಿದ್ರೆ ಚಾಟಿ ಏಟು. ಆ ಏಟು ಯಾರಿಗೂ ಬೀಳೋ ಮೊದಲೇ ಕಾನೂನು ರದ್ದಾಯ್ತು, ಆದ್ರೆ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತ್ತು. ಜಾರ್ಜ್ ವಾಷಿಂಗ್ಟನ್ ಬುಷ್ ಅನ್ನೋ ಕಪ್ಪು ವಲಸಿಗ ಅದೇ ವರ್ಷ ಕುಟುಂಬ ಸಮೇತ ಬಂಡಿ ಕಟ್ಕೊಂಡು ಬಂದವರು, ಒರೆಗನ್‌ನಲ್ಲಿ ನಿಲ್ಲದೆ ಕೊಲಂಬಿಯಾ ನದಿ ದಾಟಿ ಉತ್ತರಕ್ಕೆ ಹೋಗಿ ನೆಲೆಸಿದ್ರು. ಇವತ್ತು ಅದು ವಾಷಿಂಗ್ಟನ್ ರಾಜ್ಯ.

1857ರಲ್ಲಿ ರಾಜ್ಯದ ಸಂವಿಧಾನಕ್ಕೆ ಮತದಾನ ಆಯ್ತು. ಇದರ ಅಂಕಿ ಸ್ವಲ್ಪ ನಿಧಾನವಾಗಿ ನೋಡಿ. ಗುಲಾಮಗಿರಿ ಬೇಕಾ ಅಂದಾಗ ಬೇಡ ಅಂದವರು 7,727, ಬೇಕು ಅಂದವರು 2,645. ಕಪ್ಪು ಜನರನ್ನ ರಾಜ್ಯದೊಳಗೆ ಬಿಡದೇ ಇರೋಣ್ವಾ ಅಂದಾಗ ಹೌದು ಅಂದವರು 8,640, ಬೇಡ ಅಂದವರು ಬರೀ 1,081. ಅಂದ್ರೆ ಗುಲಾಮರೂ ಬೇಡ, ಅವರು ನೆರೆಹೊರೆಯಾಗೋದಂತೂ ಬೇಡವೇ ಬೇಡ. ಅಂಥ ನಿಷೇಧವನ್ನ ಸಂವಿಧಾನದಲ್ಲೇ ಇಟ್ಟುಕೊಂಡು ಅಮೆರಿಕ ಒಕ್ಕೂಟ ಸೇರಿದ ಏಕೈಕ ರಾಜ್ಯ ಒರೆಗನ್. ಆ ಕಲಮು ಹೋಗಿದ್ದು 1926ರಲ್ಲಿ. ಸಂವಿಧಾನದಲ್ಲಿ ಉಳಿದಿದ್ದ ಜನಾಂಗೀಯ ಪದಗಳನ್ನ ತೆಗೆಯೋಕೆ 2002ರಲ್ಲಿ ಮತ್ತೆ ವೋಟ್ ಹಾಕಬೇಕಾಯ್ತು.

ನಾನು ಬಿ.ಕಾಂ. ಮಾಡಿದವನು, ಆದ್ದರಿಂದ ನನ್ನ ಕಣ್ಣು ಹೋಗೋದು ದುಡ್ಡಿನ ಕಡೆಗೆ. 1850ರಲ್ಲಿ ಕೇಂದ್ರ ಸರ್ಕಾರ ಒರೆಗನ್‌ನಲ್ಲಿ ಪುಕ್ಕಟೆ ಜಮೀನು ಹಂಚಿತು. ಒಂಟಿ ಗಂಡಸಿಗೆ 320 ಎಕರೆ, ಮದುವೆಯಾದ ಜೋಡಿಗೆ 640. ಅದು ಮೂಲನಿವಾಸಿಗಳ ನೆಲ ಅನ್ನೋದು ಬೇರೆ ಕಥೆ, ದೊಡ್ಡ ಕಥೆ. ಪಡೆದವರು ಬಿಳಿಯರು, ಬಿಳಿ-ಮೂಲನಿವಾಸಿ ಮಿಶ್ರ ರಕ್ತದವರು. ಕಪ್ಪು ಜನರಿಗೆ ಇಲ್ಲ. ಒಬ್ಬನ ಲೆಡ್ಜರ್‌ನಲ್ಲಿ ಓಪನಿಂಗ್ ಬ್ಯಾಲೆನ್ಸ್ 640 ಎಕರೆ, ಇನ್ನೊಬ್ಬನಿಗೆ ಸೊನ್ನೆ. ನೂರೈವತ್ತು ವರ್ಷ ಆದ್ಮೇಲೆ "ಇಬ್ಬರಿಗೂ ಸಮಾನ ಅವಕಾಶ" ಅಂದ್ರೆ ಯಾವ ಆಡಿಟರ್ ಸೈನ್ ಹಾಕ್ತಾನೆ?

1940ರ ಹೊತ್ತಿಗೆ ಪೋರ್ಟ್‌ಲ್ಯಾಂಡ್‌ನಲ್ಲಿ ಇದ್ದ ಕಪ್ಪು ಜನ 2,000ಕ್ಕೂ ಕಡಿಮೆ. ಹೆಚ್ಚಿನವರು ರೈಲ್ವೇ ಪೋರ್ಟರ್‌ಗಳು, ಹೋಟೆಲ್ ಕೆಲಸದವರು. ಎರಡನೇ ಮಹಾಯುದ್ಧ ಬಂತು, ಹೆನ್ರಿ ಕೈಸರ್ ಅನ್ನೋ ಉದ್ಯಮಿಯ ಹಡಗುಕಟ್ಟೆಗಳಿಗೆ ಸಾವಿರಾರು ಕೈ ಬೇಕಾಯ್ತು. ಕೆಲಸ ಇತ್ತು, ಮನೆ ಇರಲಿಲ್ಲ. ಊರಿನ ರಿಯಾಲ್ಟಿ ಬೋರ್ಡ್ 1919ರಲ್ಲೇ ತನ್ನ ಏಜೆಂಟರಿಗೆ ನಿಯಮ ಮಾಡಿತ್ತು: ಬಿಳಿಯರ ಬಡಾವಣೆಯಲ್ಲಿ ಕಪ್ಪು ಜನರಿಗೆ ಮನೆ ಮಾರೋದು ವೃತ್ತಿಧರ್ಮಕ್ಕೆ ವಿರುದ್ಧ. ಅದಕ್ಕೆ ಕೈಸರ್ ಊರ ಹೊರಗೆ, ಕೊಲಂಬಿಯಾ ನದಿಯ ತಗ್ಗಿನಲ್ಲಿ, 1942ರಲ್ಲಿ ಹೊಸ ಊರೇ ಕಟ್ಟಿಸಿದ. ವ್ಯಾನ್‌ಪೋರ್ಟ್. ಉತ್ತುಂಗದಲ್ಲಿ 40,000 ಜನ, ರಾಜ್ಯದ ಎರಡನೇ ದೊಡ್ಡ ಊರು. ಕಪ್ಪು, ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಓದ್ತಿದ್ರು.

1948ರ ಮೇ 30, ಭಾನುವಾರ. ನದಿ ತುಂಬಿತ್ತು. ಒಡ್ಡು ಗಟ್ಟಿಯಾಗಿದೆ, ಗಾಬರಿ ಬೇಡ, ಅಪಾಯ ಬಂದ್ರೆ ಮೊದಲೇ ತಿಳಿಸ್ತೀವಿ ಅಂತ ವಸತಿ ಪ್ರಾಧಿಕಾರ ಬೆಳಿಗ್ಗೆ ಮನೆಮನೆಗೆ ಚೀಟಿ ಹಂಚಿತು. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ರೈಲ್ವೇ ಏರಿ ಒಡೀತು. ರಾತ್ರಿ ಹೊತ್ತಿಗೆ ಊರೇ ಇಲ್ಲ. ಸತ್ತವರು 15 ಜನ, ಮನೆ ಕಳ್ಕೊಂಡವರು ಸುಮಾರು 18,500, ಅದರಲ್ಲಿ ಮೂರನೇ ಒಂದರಷ್ಟು ಕಪ್ಪು ವರ್ಣೀಯರು. ಬಿಳಿಯರು ಎಲ್ಲಿ ಬೇಕಾದ್ರೂ ಮನೆ ಹುಡುಕಬಹುದಿತ್ತು. ಇವರಿಗೆ ಉಳಿದಿದ್ದು ಒಂದೇ ಭಾಗ, ಆಲ್ಬೈನಾ. 1960ರಲ್ಲಿ ಪೋರ್ಟ್‌ಲ್ಯಾಂಡ್‌ನ ಐವರು ಕಪ್ಪು ನಿವಾಸಿಗಳಲ್ಲಿ ನಾಲ್ವರು ಇದ್ದದ್ದು ಅಲ್ಲೇ.

ಅಲ್ಲಿ ಬೀದಿ ಇತ್ತು. ನಾನು ಬೀದಿ ಅಂದಾಗ ಡಾಂಬರು ಅಲ್ಲ ಹೇಳ್ತಿರೋದು. ಚರ್ಚು, ಜಾಝ್ ಕ್ಲಬ್ಬು, ಕಟಿಂಗ್ ಶಾಪು, ಸಾಲ ಬರೆದುಕೊಂಡು ಸಾಮಾನು ಕೊಡೋ ಅಂಗಡಿ. ಓಟೋ ಮತ್ತು ವರ್ಡೆಲ್ ರದರ್ಫರ್ಡ್ ದಂಪತಿಯಂಥವರು ಹೋರಾಡಿ 1953ರಲ್ಲಿ ಹೋಟೆಲ್, ಸಿನಿಮಾ ಮಂದಿರಗಳಲ್ಲಿ ತಾರತಮ್ಯ ಮಾಡಬಾರದು ಅನ್ನೋ ರಾಜ್ಯದ ಕಾನೂನು ಬರೋ ಹಾಗೆ ಮಾಡಿದ್ರು.

ಆಮೇಲೆ ಬುಲ್ಡೋಜರ್ ಬಂತು. ಮೆಮೋರಿಯಲ್ ಕೊಲಿಸಿಯಂ ಅನ್ನೋ ಕ್ರೀಡಾಂಗಣಕ್ಕೆ ನಾನೂರಕ್ಕೂ ಹೆಚ್ಚು ಮನೆ. ಹೆದ್ದಾರಿಗೆ ಇನ್ನಷ್ಟು. 1970ರ ದಶಕದ ಶುರುವಿನಲ್ಲಿ ಇಮ್ಯಾನುಯೆಲ್ ಆಸ್ಪತ್ರೆ ವಿಸ್ತರಣೆಗೆ ಅಂತ ಸುಮಾರು 300 ಮನೆ, ಅಂಗಡಿ ಕೆಡವಿದ್ರು. ಕೆಡವಿ ಆದ್ಮೇಲೆ ಕೇಂದ್ರದ ದುಡ್ಡು ನಿಂತುಹೋಯ್ತು. ಆ ಜಾಗದಲ್ಲಿ ದಶಕಗಟ್ಟಲೆ ಹುಲ್ಲು ಬೆಳೀತು. ಮನೆ ಹೋದವರ ಮಕ್ಕಳು, ಮೊಮ್ಮಕ್ಕಳು 2022ರಲ್ಲಿ ಕೋರ್ಟಿಗೆ ಹೋದ್ರು, 2025ರಲ್ಲಿ ನಗರ ಪಾಲಿಕೆ 85 ಲಕ್ಷ ಡಾಲರ್ ಕೊಡೋಕೆ ಒಪ್ಪಿತು.

ಉಳಿದ ಮನೆಗಳ ಕಥೆ ಬ್ಯಾಂಕಿನದು. ಆಲ್ಬೈನಾ ಅಂದ್ರೆ ಬ್ಯಾಂಕುಗಳು ಸಾಲ ಕೊಡ್ತಿರಲಿಲ್ಲ. ಒರೆಗೋನಿಯನ್ ಪತ್ರಿಕೆ 1990ರಲ್ಲಿ ತನಿಖೆ ಮಾಡಿದಾಗ, ಊರಿನ ಎಲ್ಲಾ ಬ್ಯಾಂಕುಗಳೂ ಸೇರಿ ಆಲ್ಬೈನಾದ ನಡುಭಾಗಕ್ಕೆ ಒಂದು ವರ್ಷದಲ್ಲಿ ಕೊಟ್ಟಿದ್ದ ಗೃಹಸಾಲ ಎಷ್ಟು ಗೊತ್ತಾ? 10. ಸಾಲ ಇಲ್ಲ ಅಂದ್ರೆ ಕೊಳ್ಳೋರಿಲ್ಲ. ಕೊಳ್ಳೋರಿಲ್ಲ ಅಂದ್ರೆ ಬೆಲೆ ಇಲ್ಲ. ಬೆಲೆ ಇಲ್ಲ ಅಂದ್ರೆ ಚಾವಣಿ ರಿಪೇರಿಗೆ ಮನೆ ಅಡ ಇಟ್ಟು ದುಡ್ಡು ತರೋಕೂ ಆಗಲ್ಲ. ತೊಂಬತ್ತರ ದಶಕದಲ್ಲಿ ಸರ್ಕಾರದ ದುಡ್ಡು, ಬ್ಯಾಂಕ್ ಸಾಲ ಎರಡೂ ಹರಿಯೋಕೆ ಶುರುವಾಯ್ತು. ಆಗ ಆ ಅಗ್ಗದ ಮನೆಗಳನ್ನ ಕೊಂಡಿದ್ದು ಹೊರಗಿಂದ ಬಂದ ಬಿಳಿ ಯುವಜನ. ಬಾಡಿಗೆಯಲ್ಲಿದ್ದ ಕಪ್ಪು ಕುಟುಂಬಗಳಿಗೆ ಬೆಲೆ ಏರಿದ್ದರಿಂದ ಸಿಕ್ಕಿದ್ದು ಲಾಭ ಅಲ್ಲ, ಮನೆ ಖಾಲಿ ಮಾಡಿ ಅನ್ನೋ ನೋಟಿಸು. 2000ದಿಂದ 2010ರೊಳಗೆ ಸುಮಾರು 10,000 ಕಪ್ಪು ನಿವಾಸಿಗಳು ಆ ಭಾಗ ಬಿಟ್ಟು ಪೂರ್ವದ ಅಂಚಿಗೆ, ಗ್ರೆಶಮ್ ಕಡೆಗೆ ಹೋದ್ರು. ಇವತ್ತು ಆಲ್ಬರ್ಟಾ ಸ್ಟ್ರೀಟ್, ಮಿಸಿಸಿಪಿ ಅವೆನ್ಯೂ ಅಂದ್ರೆ ಇನ್‌ಸ್ಟಾ ರೀಲ್ಸ್‌ಗೆ ಹೇಳಿ ಮಾಡಿಸಿದ ಕೆಫೆಗಳು.

ಪಾಲಿಕೆ ಏನೂ ಮಾಡಿಲ್ಲ ಅಂತಲ್ಲ. ಈಗ ಒಂದು ನೀತಿ ಇದೆ: ಸರ್ಕಾರದ ಕಾರ್ಯಕ್ರಮದಿಂದ ನೀವೋ, ನಿಮ್ಮ ಅಪ್ಪ ಅಮ್ಮನೋ, ಅಜ್ಜ ಅಜ್ಜಿಯೋ ಈ ಭಾಗದಲ್ಲಿ ಮನೆ ಕಳ್ಕೊಂಡಿದ್ರೆ, ಹೊಸ ಅಗ್ಗದ ಮನೆಗಳಲ್ಲಿ ನಿಮಗೆ ಆದ್ಯತೆ. ನನ್ನ ಮಟ್ಟಿಗೆ ಇದು ಕ್ಷಮೆ ಕೇಳೋದಕ್ಕಿಂತ ಎಷ್ಟೋ ಮೇಲು. ಆದ್ರೆ ಮನೆ ವಾಪಸ್ ಕೊಡಬಹುದು, ಕಟಿಂಗ್ ಶಾಪ್‌ನವನನ್ನ, ಚರ್ಚಿನ ಹಾಡುಗಾರರನ್ನ ಲಾಟರಿ ಹಾಕಿ ವಾಪಸ್ ತರೋಕಾಗಲ್ಲ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೋರಿಗೆ ಹೀಗಾಗಿಲ್ಲ ಅಲ್ವಾ" ಅಂದ. ಆಗಿದೆ. 1910ರ ಮಾರ್ಚ್‌ನಲ್ಲಿ ಇದೇ ಪೋರ್ಟ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಮರದ ಮಿಲ್ ಕೆಲಸಕ್ಕೆ ಬಂದಿದ್ದ ಭಾರತೀಯರನ್ನ, ಹೆಚ್ಚಾಗಿ ಪಂಜಾಬಿನವರನ್ನ, ಗುಂಪು ಕಟ್ಕೊಂಡು ಹೊಡೆದು ಓಡಿಸಿದ್ರು. ಒರೆಗನ್‌ನಲ್ಲಿದ್ದ ಭಗತ್ ಸಿಂಗ್ ಥಿಂದ್‌ಗೆ ಅಲ್ಲಿನ ಕೋರ್ಟ್ ಪೌರತ್ವ ಕೊಟ್ಟಿತ್ತು, 1923ರಲ್ಲಿ ಸುಪ್ರೀಂ ಕೋರ್ಟ್ ನೀನು ಬಿಳಿಯ ಅಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮ ಎಂಜಿನಿಯರ್‌ಗಳು ಹೋಗಿದ್ದು ಬಾಗಿಲು ತೆರೆದ ಮೇಲೆ. ಅಮೆರಿಕ 1965ರಲ್ಲಿ ವಲಸೆ ಕಾನೂನು ಬದಲಾಯಿಸಿದ್ದಕ್ಕೆ ಕಪ್ಪು ಜನರ ನಾಗರಿಕ ಹಕ್ಕು ಚಳವಳಿಯ ಒತ್ತಡವೂ ಒಂದು ಕಾರಣ. ಇದು ಅಣ್ಣನಿಗೆ ಗೊತ್ತಿರಲಿಲ್ಲ. ನಿಜ ಹೇಳ್ಬೇಕಂದ್ರೆ ಈ ಎಪಿಸೋಡ್‌ಗೆ ಓದೋವರೆಗೆ ನನಗೂ ಗೊತ್ತಿರಲಿಲ್ಲ.

ಹಾಗಾದ್ರೆ ಅವಕಾಶ ಇದ್ಯಾ? ಇದೆ. ಹಿಲ್ಸ್‌ಬರೋ, ಬೀವರ್ಟನ್ ಕಡೆ ಒಳ್ಳೆ ಸಂಬಳದ ಕೆಲಸಗಳಿವೆ. ಸ್ವಾಗತ? ಯಾರೂ ಮುಖ ತಿರುಗಿಸಲ್ಲ, ನಗ್ತಾನೇ ಮಾತಾಡಿಸ್ತಾರಂತೆ. ಆ ಅಟ್ಲಾಂಟಾದವರು ಅಣ್ಣನಿಗೆ ಹೇಳಿದ್ದು ಬೇರೆ: ಮೀಟಿಂಗ್ ರೂಮಲ್ಲಿ ತನ್ನಂಥವನು ತಾನೊಬ್ಬನೇ ಅನ್ನೋದನ್ನ ಸಂಬಳಕ್ಕೋಸ್ಕರ ಸಹಿಸ್ಕೋಬಹುದು, ಏಳು ವರ್ಷದ ಮಗಳು ಕ್ಲಾಸಲ್ಲಿ ಒಬ್ಬಳೇ ಅನ್ನೋದಕ್ಕೆ ಯಾವ ಅಲೋವೆನ್ಸ್ ಕೊಡ್ತೀರಿ?

ಅಣ್ಣ ಈ ಸಲ "ಸೂಪರ್ ಊರು" ಅನ್ನಲಿಲ್ಲ. ಹಿಲ್ಸ್‌ಬರೋ ತನಗೆ ಯಾಕೆ ಹಿಡಿಸ್ತು ಅಂದ್ರೆ ಪಕ್ಕದಲ್ಲೇ ಕನ್ನಡದ ನಾಲ್ಕು ಮನೆ ಇದ್ದಿದ್ದಕ್ಕೆ ಅಂತ ಹೇಳಿದನಂತೆ. ಅವರು ನಕ್ಕು, ಅದನ್ನೇ ನಾನೂ ಹುಡುಕ್ತಿರೋದು ಅಂದ್ರಂತೆ. ಕೊನೆಗೆ ಮನೆ ಕೊಳ್ಳೋ ಯೋಚನೆ ಬಿಟ್ಟು, ಉತ್ತರ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ವರ್ಷಕ್ಕೆ ಬಾಡಿಗೆ ಮನೆ ಹಿಡಿದಿದ್ದಾರೆ. ಆಫೀಸಿಗೆ ದೂರ, ದಿನಾ ಟ್ರಾಫಿಕ್. ಭಾನುವಾರ ಹೋಗೋ ಚರ್ಚ್ ಮಾತ್ರ ನಡೆಯೋ ದೂರದಲ್ಲಿದೆ. ಹೆಂಡತಿ, ಮಕ್ಕಳು ಶಾಲೆ ಶುರುವಾಗೋ ಮೊದಲು ಬರ್ತಾರೆ. ಕರಾರು ಮುಗಿಯೋ ಹೊತ್ತಿಗೆ ಅಣ್ಣನಿಗೆ ಮತ್ತೆ ಫೋನ್ ಮಾಡಿ ಕೇಳ್ತೀನಿ, ನಿಮಗೂ ಹೇಳ್ತೀನಿ.