ಮೊದಲು ಕ್ಯಾಮೆರಾವನ್ನು ಕೇಳೋಣ

ನಮ್ಮಲ್ಲಿ ಹಲವರು ಪ್ರಾಜೆಕ್ಟಿಗೆ, ಥೀಸಿಸ್ಸಿಗೆ ಅಂತ ಲಿನಕ್ಸ್‌ನಲ್ಲಿ ಯುಎಸ್‌ಬಿ ಕ್ಯಾಮೆರಾ ಬಳಸುತ್ತೇವೆ. ಬ್ರೈಟ್‌ನೆಸ್ 128 ಅಂತ ಕೋಡಿನಲ್ಲೇ ಬರೆದುಬಿಟ್ಟರೆ ಒಂದು ಕ್ಯಾಮೆರಾಕ್ಕೆ ಸರಿಹೋಗುತ್ತೆ; ಇನ್ನೊಂದರಲ್ಲಿ ವ್ಯಾಪ್ತಿಯೇ -64ರಿಂದ 64 ಇರಬಹುದು. ಊಹೆ ಬೇಡ, ಡ್ರೈವರನ್ನೇ ಕೇಳೋಣ.

ಇದಕ್ಕೆ ವಿಡಿಯೊ ಫಾರ್ ಲಿನಕ್ಸ್ 2, ಅಂದರೆ ವಿ4ಎಲ್2, ದಾರಿ ಕೊಡುತ್ತದೆ. ಬ್ರೈಟ್‌ನೆಸ್, ಎಕ್ಸ್‌ಪೋಷರ್‌ನಂಥ ಪ್ರತಿಯೊಂದು ಕಂಟ್ರೋಲಿಗೂ ಒಂದು ಐಡಿ ಇದೆ. ಆ ಐಡಿ ಕೊಟ್ಟು 'ಕ್ವೆರಿ ಕಂಟ್ರೋಲ್' ಕರೆ ಮಾಡಿದರೆ ಹೆಸರು, ಬಗೆ, ಕನಿಷ್ಠ, ಗರಿಷ್ಠ, ಹೆಜ್ಜೆ, ಡೀಫಾಲ್ಟ್ ಬೆಲೆ ಮತ್ತು ಫ್ಲ್ಯಾಗುಗಳನ್ನು ಡ್ರೈವರ್ ತುಂಬಿ ಕೊಡುತ್ತದೆ. ಆ ಕಂಟ್ರೋಲ್ ಇಲ್ಲದಿದ್ದರೆ ಎರರ್ ಬರುತ್ತೆ.

ಯಾವ್ಯಾವ ಕಂಟ್ರೋಲ್ ಇವೆ ಅಂತಲೇ ಗೊತ್ತಿಲ್ಲವೇ? ಐಡಿ ಜಾಗದಲ್ಲಿ 'ನೆಕ್ಸ್ಟ್ ಕಂಟ್ರೋಲ್' ಫ್ಲ್ಯಾಗ್ ಇಟ್ಟು ಶುರುಮಾಡಿ. ಡ್ರೈವರ್ ಮೊದಲನೆಯದನ್ನು ಹೇಳುತ್ತದೆ. ಅದರ ಐಡಿಗೆ ಅದೇ ಫ್ಲ್ಯಾಗ್ ಸೇರಿಸಿ ಮತ್ತೆ ಕೇಳಿದರೆ ಮುಂದಿನದು. ಎರರ್ ಬಂತೆಂದರೆ ಪಟ್ಟಿ ಮುಗೀತು. ಮೆನು ಬಗೆಯದಾದರೆ ಅದರ ಆಯ್ಕೆಗಳನ್ನು 'ಕ್ವೆರಿ ಮೆನು' ಕರೆಯಿಂದ ಒಂದೊಂದಾಗಿ ಕೇಳಬೇಕು. ನಡುವೆ ಕೆಲವು ಸಂಖ್ಯೆಗಳು ಖಾಲಿ ಇರಬಹುದು, ಅವನ್ನು ದಾಟಿ ಮುಂದೆ ಹೋಗಿ.

ಫ್ಲ್ಯಾಗುಗಳನ್ನು ಮಾತ್ರ ಮರೀಬೇಡಿ. ಆಟೊ ಎಕ್ಸ್‌ಪೋಷರ್ ಆನ್ ಇದ್ದರೆ, ಎಕ್ಸ್‌ಪೋಷರ್ ಸಮಯದ ಕಂಟ್ರೋಲ್ ಸಾಮಾನ್ಯವಾಗಿ 'ಇನ್‌ಆಕ್ಟಿವ್' ಎಂದು ತೋರಿಸುತ್ತದೆ. ಕ್ಯಾಮೆರಾ ಬೆಳಕನ್ನು ತಾನೇ ಬದಲಿಸುತ್ತಾ ಹೋದರೆ, ಬೆಳಿಗ್ಗೆ ತೆಗೆದ ಚಿತ್ರವನ್ನು ಸಂಜೆಯದರ ಜೊತೆ ಹೋಲಿಸೋಕಾಗಲ್ಲ, ಅಳತೆಯೆಲ್ಲ ವ್ಯರ್ಥ. ಮೊದಲು ಮ್ಯಾನ್ಯುಯಲ್ ಆಯ್ಕೆ, ಆಮೇಲೆ ಮತ್ತೊಮ್ಮೆ ಕ್ವೆರಿ, ಕೊನೆಗೆ ಬೆಲೆ. ಎಕ್ಸ್‌ಪೋಷರ್ ಸಮಯದ ಏಕಮಾನ 100 ಮೈಕ್ರೋಸೆಕೆಂಡ್. 100 ಎಂದು ಕೊಟ್ಟರೆ 10 ಮಿಲಿಸೆಕೆಂಡ್.