ಅಂಕ ಕಡಿಮೆ ಬಂದರೆ ಕೇಳಲು ಸಂಕೋಚವೇಕೆ?

ಬದುಕಿನ ಅರ್ಧ ದಾರಿ ಸವೆಸಿದ ಮೇಲೆ ಪದವಿ ಓದಲು ಕೂರುವವರು ನಮ್ಮಲ್ಲಿ ಅಪರೂಪವೇನಲ್ಲ. ಪಿಯುಸಿಗೇ ಓದು ನಿಲ್ಲಿಸಿ ಕೆಲಸಕ್ಕೆ ಸೇರಿದ ಗುಮಾಸ್ತರು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ನಂತರ ತಾವೂ ಪುಸ್ತಕ ಹಿಡಿದ ಗೃಹಿಣಿಯರು, ಟಿ.ಸಿ.ಎಚ್. ಮುಗಿಸಿ ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತಲೇ ಬಿ.ಎ.ಗೆ ಕಟ್ಟಿದ ಮೇಷ್ಟ್ರುಗಳು, ರಾತ್ರಿ ಪಾಳಿ ಮುಗಿಸಿ ಬೆಳಗಿನ ಪರೀಕ್ಷೆಗೆ ಓಡುವ ನೌಕರರು ಇವರೆಲ್ಲ ತಮ್ಮ ಮಕ್ಕಳ ಪ್ರಾಯದವರ ಪಕ್ಕದ ಬೆಂಚಿನಲ್ಲಿ ಕೂತು ಬರೆಯುತ್ತಾರೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದಾಗ ಇಂಥವರಿಗೆ ಬಾಗಿಲು ತೆರೆಯಿತು. ಅದೇ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅದಕ್ಕೂ ಮೊದಲೇ, 1985ರಲ್ಲಿ, ದೇಶಕ್ಕೆಲ್ಲ ಸಲ್ಲುವಂತೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ಹುಟ್ಟಿಕೊಂಡಿತ್ತು.

ಓದಿನ ಕಷ್ಟವನ್ನು ಇವರು ಹೇಗೋ ದಾಟುತ್ತಾರೆ. ಎಡವುವುದು ಫಲಿತಾಂಶ ಬಂದ ಮೇಲೆ. ಪಾಸಾಗಿರುತ್ತದೆ, ಆದರೆ ಬೇಕಾದಷ್ಟು ಅಂಕ ಬಂದಿರುವುದಿಲ್ಲ. ಆರು ಪತ್ರಿಕೆಗಳ 600 ಅಂಕಗಳಲ್ಲಿ 297 ಬಂತೆನ್ನಿ. ಅದು ಶೇಕಡಾ 49.5. ಬಿ.ಇಡ್. ಪ್ರವೇಶಕ್ಕೆ ಪದವಿಯಲ್ಲಿ ಶೇಕಡಾ 50 ಬೇಕು (ಮೀಸಲು ವರ್ಗಗಳಿಗೆ ರಿಯಾಯಿತಿ ಉಂಟು). ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 54.8 ಬಂದವರದೂ ಇದೇ ಗೋಳು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಗೆ ಸಾಮಾನ್ಯ ವರ್ಗದವರು ಶೇಕಡಾ 55 ಪಡೆದಿರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ ಇದು. ಇಪ್ಪತ್ತರ ಹುಡುಗನಿಗೆ ಮತ್ತೊಂದು ವರ್ಷ ಕಾಯಲು ಪುರುಸೊತ್ತಿದೆ. ನಲವತ್ತೈದರ ಉದ್ಯೋಗಿಗೆ ಬಡ್ತಿಯ ಪಟ್ಟಿಯೂ ವಯೋಮಿತಿಯೂ ಕಾಯುವುದಿಲ್ಲ.

ಆದರೂ ಹೆಚ್ಚಿನವರು ಸುಮ್ಮನಾಗುತ್ತಾರೆ. ‘ಈ ವಯಸ್ಸಿನಲ್ಲಿ ಪಾಸಾದದ್ದೇ ಹೆಚ್ಚು, ಇನ್ನು ಅಂಕಕ್ಕಾಗಿ ಜಗಳವೇ?’ ಎಂಬ ಮನೆಯವರ ಮಾತು, ಸಹೋದ್ಯೋಗಿಗಳು ನಕ್ಕಾರೆಂಬ ಅಳುಕು, ವಿಶ್ವವಿದ್ಯಾಲಯವೆಂದರೆ ದೊಡ್ಡದು ಎಂಬ ಹಳೆಯ ಗೌರವ ಮೂರೂ ಸೇರಿ ಅರ್ಜಿ ಬರೆಯುವ ಕೈಯನ್ನು ತಡೆಯುತ್ತವೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಕಷ್ಟಗಳನ್ನೆಲ್ಲ ತೋಡಿಕೊಂಡು ನಾಲ್ಕು ಪುಟದ ಮನವಿ ಕಳುಹಿಸಿ, ಉತ್ತರ ಬಾರದೆ ಬೇಸರಪಡುತ್ತಾರೆ. ಏನನ್ನು ಕೇಳಿದರೆ ಸಿಗುತ್ತದೆ, ಏನನ್ನು ಕೇಳಿದರೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ಅಂಕವೂ ಒಂದು ಅಳತೆಯೇ

ತಂತಿಯ ದಪ್ಪವನ್ನು ಸ್ಕ್ರೂಗೇಜಿನಿಂದ ಅಳೆಯುವ ವಿದ್ಯಾರ್ಥಿಗೆ ಒಂದೇ ಅಳತೆ ಸಾಲದು, ಹಲವು ಸಲ ಅಳೆದು ಸರಾಸರಿ ತೆಗೆಯಬೇಕು ಎಂದು ಪ್ರಯೋಗಶಾಲೆಯಲ್ಲಿ ಕಲಿಸುತ್ತಾರೆ. ಎಷ್ಟೇ ಎಚ್ಚರದಿಂದ ಅಳೆದರೂ ಅಳತೆಯಲ್ಲಿ ಸ್ವಲ್ಪ ದೋಷ ಉಳಿಯುತ್ತದೆ. ಉತ್ತರ ಪತ್ರಿಕೆಯ ಮೌಲ್ಯಮಾಪನವೂ ಹಾಗೆಯೇ. ಪರೀಕ್ಷೆಯ ಅಂಕದಲ್ಲಿ ಅದೃಷ್ಟದ ಪಾಲು ಎಷ್ಟೆಂದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲೇ ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ರೇಖಾಗಣಿತದ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಗಣಿತ ಶಿಕ್ಷಕರಿಂದ ತಿದ್ದಿಸಿದರು. ನೂರಕ್ಕೆ ಮೂವತ್ತರ ಒಳಗೆ ಕೊಟ್ಟವರೂ ಇದ್ದರು, ತೊಂಬತ್ತರ ಮೇಲೆ ಕೊಟ್ಟವರೂ ಇದ್ದರು. ಅದು ಗಣಿತದ ಪತ್ರಿಕೆ ಎಂಬುದನ್ನು ಮರೆಯಬಾರದು.

ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್, ರೋಡ್ಸ್ ಎಂಬುವರ ಜೊತೆಗೂಡಿ 1935ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇತಿಹಾಸದ 15 ಉತ್ತರ ಪತ್ರಿಕೆಗಳನ್ನು 14 ಪರೀಕ್ಷಕರು ಒಮ್ಮೆ ತಿದ್ದಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಮತ್ತೆ ಅವನ್ನೇ ತಿದ್ದಿದರು. ಒಟ್ಟು 210 ತೀರ್ಮಾನಗಳಲ್ಲಿ 92 ಸಲ ಅದೇ ಪರೀಕ್ಷಕರ ತೀರ್ಪೇ ಬದಲಾಗಿತ್ತು. ಪಾಸು ಎಂದದ್ದು ಫೇಲಾಗಿತ್ತು, ಇಲ್ಲವೇ ವರ್ಗ ಬದಲಾಗಿತ್ತು. ಪರೀಕ್ಷಕರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ಮನುಷ್ಯನ ತೂಗುವಿಕೆಗೆ ಇರುವ ಮಿತಿ ಇದು. ಹಾಗಾಗಿ ಕಡಿಮೆ ಅಂಕ ಬಂದವರು ತಮ್ಮನ್ನು ದಡ್ಡರೆಂದುಕೊಳ್ಳುವ ಮೊದಲು ಉತ್ತರ ಪತ್ರಿಕೆ ನೋಡುವುದು ನ್ಯಾಯ.

ಮೂರು ಬಗೆಯ ತಪ್ಪು

ಅಂಕ ಕಡಿಮೆಯಾಗಲು ಮೂರು ಕಾರಣಗಳಿರಬಹುದು. ಒಂದು, ಎಣಿಕೆಯ ತಪ್ಪು. ಒಳಪುಟದಲ್ಲಿ ಕೊಟ್ಟ 7 ಅಂಕ ಮುಖಪುಟಕ್ಕೆ ಬರುವಾಗ 1 ಆಗಿರಬಹುದು, ಕೂಡುವಾಗ ಜಾರಿರಬಹುದು. ಎರಡು, ಬಿಟ್ಟುಹೋದ ತಪ್ಪು. ಬರೆದ ಉತ್ತರವನ್ನು ಪರೀಕ್ಷಕರು ತಿದ್ದಿಯೇ ಇಲ್ಲದಿರಬಹುದು. ವರ್ಷಗಟ್ಟಲೆ ಪೆನ್ನು ಹಿಡಿಯದ ಕೈಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಅವಸರದಲ್ಲಿ ಪ್ರಶ್ನೆಯ ಸಂಖ್ಯೆ ಹಾಕುವುದು ಮರೆತು, ಅರ್ಧ ಉತ್ತರ ಎಲ್ಲೋ ಕೊನೆಯ ಪುಟದಲ್ಲಿ ಉಳಿದಿರುತ್ತದೆ. ದೂರಶಿಕ್ಷಣದಲ್ಲಾದರೆ ಮನೆಯಲ್ಲಿ ಬರೆದು ಅಧ್ಯಯನ ಕೇಂದ್ರಕ್ಕೆ ಕೊಟ್ಟ ಅಸೈನ್‌ಮೆಂಟಿನ ಅಂಕ ಪಟ್ಟಿಗೆ ಸೇರಿರುವುದೇ ಇಲ್ಲ. ಮೂರು, ತೂಗುವಿಕೆಯ ವ್ಯತ್ಯಾಸ. ಹತ್ತಕ್ಕೆ ಏಳು ಬರಬೇಕಾದ ಉತ್ತರಕ್ಕೆ ಐದು ಬಂದಿರುತ್ತದೆ.

ಮೊದಲೆರಡು ತಪ್ಪುಗಳನ್ನು ಯಾರು ನೋಡಿದರೂ ಒಪ್ಪಬೇಕು. ಅವು ಕಣ್ಣಿಗೆ ಕಾಣುತ್ತವೆ. ಮೂರನೆಯದು ಹಾಗಲ್ಲ. ವಿಶ್ವವಿದ್ಯಾಲಯದ ನಿಯಮದಲ್ಲಿ ಮರುಮೌಲ್ಯಮಾಪನಕ್ಕೆ ಅವಕಾಶವಿದ್ದರೆ ಮಾತ್ರ ಅದು ಬದಲಾಗಲು ಸಾಧ್ಯ. ಈ ವ್ಯತ್ಯಾಸ ತಿಳಿದುಕೊಂಡವರಿಗೆ ಅರ್ಧ ಕೆಲಸ ಆದಂತೆ.

ನ್ಯಾಯಾಲಯಗಳು ಹೇಳಿದ್ದು

ನ್ಯಾಯಾಲಯಗಳೂ ಇದೇ ಗೆರೆಯನ್ನು ಎಳೆದಿವೆ. ಉತ್ತರ ಪತ್ರಿಕೆ ನೋಡುವ, ಮರುಮೌಲ್ಯಮಾಪನ ಕೇಳುವ ಹಕ್ಕು ವಿದ್ಯಾರ್ಥಿಗಿಲ್ಲ ಎಂಬ ಮಹಾರಾಷ್ಟ್ರ ಪರೀಕ್ಷಾ ಮಂಡಳಿಯ ನಿಯಮವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಎತ್ತಿಹಿಡಿಯಿತು. ಬಹುಕಾಲ ಇದೇ ಕೊನೆಯ ಮಾತಾಗಿತ್ತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಚಿತ್ರ ಬದಲಾಯಿತು. ಸಿಬಿಎಸ್‌ಇ ವಿದ್ಯಾರ್ಥಿಯೊಬ್ಬ ಹೂಡಿದ ಮೊಕದ್ದಮೆಯಲ್ಲಿ 2011ರ ಆಗಸ್ಟ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ತಿದ್ದಿದ ಉತ್ತರ ಪತ್ರಿಕೆಯೂ ‘ಮಾಹಿತಿ’ಯೇ, ಬರೆದವನಿಗೆ ಅದನ್ನು ನೋಡುವ, ದೃಢೀಕೃತ ಪ್ರತಿ ಪಡೆಯುವ ಹಕ್ಕಿದೆ ಎಂದಿತು. ಪರೀಕ್ಷಕರ ಹೆಸರನ್ನು ಮಾತ್ರ ಕೊಡಬೇಕಿಲ್ಲ.

ಆದರೆ ನೋಡುವ ಹಕ್ಕು ಬೇರೆ, ಮತ್ತೆ ತಿದ್ದಿಸುವ ಹಕ್ಕು ಬೇರೆ. 2017ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಶಿಕ್ಷಕರ ನೇಮಕಾತಿ ಪರೀಕ್ಷೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ನಿಯಮದಲ್ಲಿ ಅವಕಾಶವಿದ್ದರೆ ಮರುಮೌಲ್ಯಮಾಪನ ಮಾಡಬಹುದು. ಇಲ್ಲದಿದ್ದರೆ, ಯಾವ ವಾದವಿವಾದವೂ ಬೇಕಿಲ್ಲದಷ್ಟು ನಿಚ್ಚಳವಾದ ತಪ್ಪು ಕಂಡಾಗ ಮಾತ್ರ, ಅದೂ ಅಪರೂಪಕ್ಕೆ, ನ್ಯಾಯಾಲಯ ಕೈಹಾಕಬಹುದು. ನ್ಯಾಯಾಧೀಶರೇ ಉತ್ತರ ತಿದ್ದಲು ಕೂರಬಾರದು. ಅನುಮಾನ ಉಳಿದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೆ ಹೋಗಬೇಕೇ ಹೊರತು ಅಭ್ಯರ್ಥಿಗಲ್ಲ.

1857ರಲ್ಲಿ ಹುಟ್ಟಿದ ನಮ್ಮ ಮೊದಲ ಮೂರು ವಿಶ್ವವಿದ್ಯಾಲಯಗಳಿಗೆ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಆ ಪದ್ಧತಿಯ ತವರಿನಲ್ಲೂ ನಿಯಮ ಹೀಗೇ ಇದೆ. ಅಲ್ಲಿ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಕಂಪ್ಯೂಟರಿನಲ್ಲಿ ಅಳಿಸಿಹೋಯಿತು. ಟಿಪ್ಪಣಿಗಳನ್ನೇ ಒಪ್ಪಿಸಿದ ಅವಳಿಗೆ ಕೃತಿಚೌರ್ಯದ ಆರೋಪ ಬಂತು, ಸೊನ್ನೆ ಸಿಕ್ಕಿತು. ಕೊನೆಗೆ ಮೂರನೇ ದರ್ಜೆಗಿಂತ ಮೇಲೇರಲು ದಾರಿಯೇ ಉಳಿಯಲಿಲ್ಲ. 2000ನೇ ಇಸವಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಅಂಕ ಎಷ್ಟು ಕೊಡಬೇಕೆಂಬುದು ತನ್ನ ಕೆಲಸವಲ್ಲ, ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮ ಮುರಿಯಿತೇ ಎಂಬುದನ್ನು ವಿಚಾರಿಸಬಹುದು ಎಂದು ಅವಳ ದಾವೆಯನ್ನು ಉಳಿಸಿತು. 2004ರ ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರನ್ನು ಶುಲ್ಕವಿಲ್ಲದೆ ಕೇಳುವ ಸ್ವತಂತ್ರ ಕಚೇರಿ ಇದೆ. ಅದೂ ಪರೀಕ್ಷಕರ ಶೈಕ್ಷಣಿಕ ತೀರ್ಮಾನವನ್ನು ಮುಟ್ಟುವಂತಿಲ್ಲ.

ಮೊದಲು ಪತ್ರಿಕೆ, ಆಮೇಲೆ ಅರ್ಜಿ

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಕೆಲಸ ಉತ್ತರ ಪತ್ರಿಕೆಯ ಪ್ರತಿ ತರಿಸುವುದು. ಛಾಯಾಪ್ರತಿ, ಮರುಎಣಿಕೆ, ಮರುಮೌಲ್ಯಮಾಪನಗಳಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕವಿರುವ ವಿಶ್ವವಿದ್ಯಾಲಯಗಳು ಅನೇಕ. ಇವುಗಳ ಕಡೆಯ ದಿನಾಂಕವನ್ನು ಸಾಮಾನ್ಯವಾಗಿ ಫಲಿತಾಂಶ ಪ್ರಕಟವಾದ ದಿನದಿಂದ ಎಣಿಸುತ್ತಾರೆ. ಅಂಕಪಟ್ಟಿ ಕೈಗೆ ಬರಲಿ ಎಂದು ಕಾದು ಕೂತವರು ಗಡುವು ಕಳೆದುಕೊಳ್ಳುತ್ತಾರೆ.

ವಿಶ್ವವಿದ್ಯಾಲಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ದಾರಿಯಿದೆ. ಅರ್ಜಿ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತೆ ಇರಬೇಕು. ಉತ್ತರ ಕೊಡಲು ಅಧಿಕಾರಿಗೆ 30 ದಿನಗಳ ಕಾಲಾವಕಾಶವಿದೆ. ತೊಡಕು ಇರುವುದು ಇಲ್ಲೇ: ಅಷ್ಟರೊಳಗೆ ಮರುಮೌಲ್ಯಮಾಪನದ ಗಡುವು ಮುಗಿದುಹೋಗಬಹುದು. ಅದಕ್ಕಾಗಿ ಎರಡೂ ಅರ್ಜಿಗಳನ್ನು ಒಟ್ಟಿಗೇ ಹಾಕುವುದು ಜಾಣತನ. ಉತ್ತರ ಪತ್ರಿಕೆಗಳನ್ನು ನಿಗದಿತ ಅವಧಿಯ ನಂತರ ನಾಶಮಾಡುತ್ತಾರೆ. ಆಮೇಲೆ ಕೇಳಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಪ್ರತಿ ಬಂದ ಮೇಲೆ ಪೆನ್ಸಿಲ್ ಹಿಡಿದು ಕೂರಬೇಕು. ಪ್ರತಿ ಉತ್ತರದ ಪಕ್ಕದಲ್ಲೂ ಅಂಕವಿದೆಯೇ? ಅದು ಮುಖಪುಟಕ್ಕೆ ಬಂದಿದೆಯೇ? ಮೊತ್ತ ಸರಿಯೇ? ಹೆಚ್ಚುವರಿ ಹಾಳೆಗಳು ಸೇರಿವೆಯೇ? ನಡುವೆ ಒಂದೆರಡು ವರ್ಷ ಓದು ಬಿಟ್ಟವರಾದರೆ, ತಮಗೆ ಅನ್ವಯಿಸುವ ಪಠ್ಯಕ್ರಮದ ಪತ್ರಿಕೆಯನ್ನೇ ಬರೆದಿದ್ದಾರೆಯೇ ಎಂಬುದನ್ನೂ ನೋಡಬೇಕು. ಮೇಲೆ ಹೇಳಿದ 297 ಅಂಕದವರಿಗೆ ಬೇಕಾದದ್ದು ಮೂರೇ ಅಂಕ. ತಿದ್ದದೆ ಬಿಟ್ಟ ಐದು ಅಂಕದ ಒಂದು ಉತ್ತರ ಸಿಕ್ಕರೆ ಸಾಕು.

ಕುಲಸಚಿವರಿಗೆ (ಮೌಲ್ಯಮಾಪನ) ಬರೆಯುವ ಪತ್ರ ಚಿಕ್ಕದಾಗಿರಲಿ. ‘ಕಷ್ಟಪಟ್ಟು ಓದಿದ್ದೆ, ಚೆನ್ನಾಗಿ ಬರೆದಿದ್ದೆ, ದಯವಿಟ್ಟು ಪರಿಶೀಲಿಸಿ’ ಎಂದರೆ ಅಧಿಕಾರಿ ಏನು ಮಾಡಲು ಸಾಧ್ಯ? ‘ನಾಲ್ಕನೇ ಪ್ರಶ್ನೆಯ ಆ ಭಾಗದ ಉತ್ತರ 17ನೇ ಪುಟದಲ್ಲಿದೆ, ಅದಕ್ಕೆ ಅಂಕ ನಮೂದಿಸಿಲ್ಲ’ ಎಂದರೆ ಅವರು ಆ ಪುಟ ತೆರೆಯಲೇಬೇಕು. ಪತ್ರದ ಜೊತೆಗೆ ಆ ಪುಟದ ಪ್ರತಿ, ತಮ್ಮ ಬಳಿ ಸ್ವೀಕೃತಿ ಚೀಟಿ ಇರಲಿ. ಅಸೈನ್‌ಮೆಂಟ್ ಒಪ್ಪಿಸುವಾಗಲೂ ರಸೀದಿ ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ.

ಅಲ್ಲೂ ಕೆಲಸವಾಗದಿದ್ದರೆ ಮುಂದಿನ ಮೆಟ್ಟಿಲಿದೆ. ಯುಜಿಸಿ 2023ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದು ಸಾಧ್ಯವಾದಷ್ಟೂ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಬಳಿಗೆ ಹೋಗಬಹುದು. ಇಲ್ಲೂ ಅದೇ ಗೆರೆ: ಅಂಕ ಹೆಚ್ಚಿಸಿ ಎಂಬ ಬರಿಯ ಕೋರಿಕೆಯನ್ನು ಅವರು ಸ್ವೀಕರಿಸುವುದಿಲ್ಲ. ಫಲಿತಾಂಶದ ಮೇಲೆ ಪರಿಣಾಮ ಬೀರಿದ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು.

ಮರುಮೌಲ್ಯಮಾಪನದಲ್ಲಿ ಅಂಕ ಏರಿಯೇ ಏರುತ್ತದೆಂಬ ಭರವಸೆ ಇಲ್ಲ. ಇಳಿದರೆ ಯಾವ ಅಂಕ ಉಳಿಯುತ್ತದೆ ಎಂಬ ನಿಯಮ ಎಲ್ಲೆಡೆ ಒಂದೇ ಅಲ್ಲ. ಶುಲ್ಕ ಕಟ್ಟುವ ಮೊದಲೇ ಅದನ್ನು ಓದಿಕೊಳ್ಳಬೇಕು. ಪತ್ರಿಕೆ ನೋಡಿದ ಮೇಲೆ ತಪ್ಪೇನೂ ಕಾಣದಿದ್ದರೆ ಫಲಿತಾಂಶ ಉತ್ತಮಪಡಿಸಿಕೊಳ್ಳುವ ಪರೀಕ್ಷೆಯತ್ತ ತಿರುಗುವುದು ಮೇಲು. ಇಗ್ನೊ ನಿಯಮಗಳಲ್ಲಿ, ಮೊದಲ ಅಥವಾ ಎರಡನೇ ದರ್ಜೆಗೆ ಶೇಕಡಾ 2ರಷ್ಟು ಕಡಿಮೆ ಬಿದ್ದವರಿಗೆ, ಸ್ನಾತಕೋತ್ತರದಲ್ಲಿ ಶೇಕಡಾ 55ಕ್ಕೆ ಅಷ್ಟೇ ಕೊರತೆಯಾದವರಿಗೆ ಇಂಥ ಅವಕಾಶ ಇಟ್ಟಿದ್ದಾರೆ. ಅಂತಿಮ ಅಂಕಪಟ್ಟಿ ಬಂದ ಆರು ತಿಂಗಳೊಳಗೆ ಕೇಳಬೇಕು. ಎಷ್ಟೋ ಜನ ಈ ಅವಧಿಯನ್ನು ಕೊರಗುವುದರಲ್ಲೇ ಕಳೆದುಬಿಡುತ್ತಾರೆ.

ಹತ್ತು ರೂಪಾಯಿ ಚಿಲ್ಲರೆ ಎಣಿಸಿಕೊಳ್ಳದೆ ಅಂಗಡಿಯಿಂದ ಇಳಿಯದ ಗೃಹಸ್ಥರು ನಾಲ್ಕೈದು ವರ್ಷ ನಿದ್ದೆಗೆಟ್ಟು ಗಳಿಸಿದ ಅಂಕವನ್ನು ಎಣಿಸಿ ನೋಡಲು ನಾಚಬೇಕಾಗಿಲ್ಲ. ಪತ್ರಿಕೆ ತರಿಸಿ ನೋಡಿದಾಗ ತಪ್ಪು ಸಿಕ್ಕರೆ ಅಂಕ ಬರುತ್ತದೆ. ಸಿಗದಿದ್ದರೆ ಎಲ್ಲಿ ಎಡವಿದೆವೆಂಬುದು ತಿಳಿದು ಮುಂದಿನ ಪರೀಕ್ಷೆಗೆ ದಾರಿಯಾಗುತ್ತದೆ.